ಲೀಡ್ಸ್‌ಗೆ ಬರುವ ಮುನ್ನ ಮೂಳೆಗಳ ವಿಚಾರ

ಮುಟ್ಟು ನಿಂತ ಮೇಲೆ ಆಮವಾತಕ್ಕೆಂದು (ರುಮಟಾಯ್ಡ್ ಆರ್ಥ್ರೈಟಿಸ್) ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ತಮಗೆ ಇಂಗ್ಲೆಂಡಿನ ಲೀಡ್ಸ್‌ನ ಚಳಿಯಿಂದ ಮೂಳೆ ಇನ್ನಷ್ಟು ಸವೆಯುವುದೇ ಎಂದು ಕೇಳಿದ್ದೀರಿ. ಚಳಿಗೆ ಕೀಲು ಬಿಗಿದಂತೆ ಅನ್ನಿಸುವುದುಂಟು. ಮೂಳೆ ಸವೆಯುವ ಕಾರಣಗಳು ಬೇರೆ. ಆಮವಾತದ ಉರಿಯೂತವೇ ಮೂಳೆ ಕರಗಿಸುವ ಜೀವಕೋಶಗಳನ್ನು ಚುರುಕುಗೊಳಿಸುತ್ತದೆ, ಸ್ಟೀರಾಯ್ಡ್ ಹೊಸ ಮೂಳೆ ಕಟ್ಟುವುದನ್ನು ಕುಗ್ಗಿಸುತ್ತದೆ, ಮುಟ್ಟು ನಿಂತ ಮೇಲೆ ಮೂಳೆ ಕಾಯುವ ಈಸ್ಟ್ರೋಜನ್ ಹಾರ್ಮೋನಿನ ಆಸರೆಯೂ ತಪ್ಪುತ್ತದೆ. ಹಾಗೆಂದು ಹೆದರಿ ಮಾತ್ರೆಯನ್ನು ತಾವಾಗಿಯೇ ತಟ್ಟನೆ ನಿಲ್ಲಿಸುವುದು ಅಪಾಯಕರ. ಉರಿಯೂತವನ್ನು ಹತೋಟಿಯಲ್ಲಿಡುವುದೂ ಮೂಳೆಯ ರಕ್ಷಣೆಯೇ.

ಈ ದೇಶ ಸೇರಿಸುವ ತೊಂದರೆ ಬಿಸಿಲಿನದು. ಅಕ್ಟೋಬರ್‌ನಿಂದ ಮಾರ್ಚ್ ಮೊದಲವರೆಗೆ ಇಲ್ಲಿನ ಬಿಸಿಲಿಗೆ ಚರ್ಮದಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಾಗದು. ಹಾಲಿಗೂ ಸಾಮಾನ್ಯವಾಗಿ ಅದನ್ನು ಬೆರೆಸಿರುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದು ಒಳಿತೆಂದು ಸರ್ಕಾರವೇ ಸಲಹೆ ನೀಡುತ್ತದೆ. ಅದು ಸಾಮಾನ್ಯ ಜನರಿಗೆ ಹೇಳಿದ ಅಳತೆ. ತಮ್ಮ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ರಾಗಿಹಿಟ್ಟು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಕ್ಯಾಲ್ಸಿಯಂ ದೃಷ್ಟಿಯಿಂದ ಒಳ್ಳೆಯದೇ. ಆದರೆ ಮುದ್ದೆ ಉಂಡರೆ ಸ್ಟೀರಾಯ್ಡಿನ ಸವೆತ ತುಂಬಿಬರುತ್ತದೆ ಎಂಬ ನಮ್ಮವರ ಮಾತನ್ನು ನಾನು ಒಪ್ಪುವುದಿಲ್ಲ.

ಬಂದ ಕೂಡಲೇ ಮನೆಯ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ವೈದ್ಯರಲ್ಲಿ ಹೆಸರು ನೋಂದಾಯಿಸಿರಿ. ಎನ್‌ಎಚ್‌ಎಸ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಕೀಲುತಜ್ಞರನ್ನು ಊರಿನಂತೆ ನೇರವಾಗಿ ಕಾಣುವಂತಿಲ್ಲ, ಜಿಪಿಯೇ ಪತ್ರ ಬರೆಯಬೇಕು, ಸರದಿಯೂ ಬಹಳ ಕಾಲ ಹಿಡಿಯಬಹುದು. ಆದ್ದರಿಂದ ಸ್ಟೀರಾಯ್ಡನ್ನು ಯಾವಾಗಿನಿಂದ, ಎಷ್ಟು ಮಿಲಿಗ್ರಾಂ ತೆಗೆದುಕೊಂಡಿರಿ ಎಂಬ ವೈದ್ಯರ ಬರಹವನ್ನೂ, ಮೂಳೆಯ ಸಾಂದ್ರತೆ ಅಳೆಯುವ ಹಳೆಯ ಡೆಕ್ಸಾ ಸ್ಕ್ಯಾನ್ ಇದ್ದರೆ ಅದನ್ನೂ ಕೈಚೀಲದಲ್ಲೇ ತನ್ನಿರಿ. ಮುಂದಿನ 10 ವರ್ಷಗಳಲ್ಲಿ ಮೂಳೆ ಮುರಿಯುವ ಸಂಭವವನ್ನು ಅಂದಾಜಿಸುವ ಫ್ರಾಕ್ಸ್ ಲೆಕ್ಕವು ಲೀಡ್ಸ್‌ಗೆ ಸಮೀಪದ ಶೆಫೀಲ್ಡ್‌ನಲ್ಲೇ ರೂಪುಗೊಂಡದ್ದು. ಅದರಲ್ಲಿ ಆಮವಾತಕ್ಕೂ ಸ್ಟೀರಾಯ್ಡಿಗೂ ಪ್ರತ್ಯೇಕ ಪ್ರಶ್ನೆಗಳಿವೆ. ವೈದ್ಯರು ತಾವಾಗಿ ಆ ಮಾತೆತ್ತದಿದ್ದರೆ ತಾವೇ ಕೇಳಿರಿ. ನಮ್ಮ ಹೆಂಗಸರು ಆ ಚಿಕ್ಕ ಭೇಟಿಯಲ್ಲಿ ಕೀಲುನೋವನ್ನಷ್ಟೇ ಹೇಳಿ ಸಂಕೋಚದಿಂದ ಎದ್ದು ಬಂದುಬಿಡುತ್ತಾರೆ.

ಮೂಳೆಗೆಂದು ಹೆಚ್ಚಾಗಿ ಮೊದಲು ಕೊಡುವುದು ವಾರಕ್ಕೊಮ್ಮೆ ನುಂಗುವ ಅಲೆಂಡ್ರೋನಿಕ್ ಆ್ಯಸಿಡ್ ಮಾತ್ರೆ. ಅದನ್ನು ಬರಿಹೊಟ್ಟೆಯಲ್ಲಿ ಲೋಟ ತುಂಬ ಬರಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ನೆಟ್ಟಗಿರಬೇಕು. ಆ ದಿನ ಬೆಳಗಿನ ಕಾಫಿಯೂ ಅಷ್ಟು ಹೊತ್ತು ಕಾಯಬೇಕು. ಈ ಔಷಧ ಶುರುವಾದ ಮೇಲೆ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆಯ ಮೂಳೆಗೆ ತೊಂದರೆಯಾಗುವುದುಂಟು, ಇಲ್ಲಿ ಎನ್‌ಎಚ್‌ಎಸ್ ದಂತವೈದ್ಯರು ಸಿಗುವುದೂ ಕಷ್ಟ. ಬಾಕಿಯಿರುವ ಹಲ್ಲಿನ ಚಿಕಿತ್ಸೆಯನ್ನು ಊರಿನಲ್ಲೇ ಮುಗಿಸಿಕೊಂಡು ಬನ್ನಿರಿ.