ಟಚ್‌ಸ್ಕ್ರೀನ್ ಮುಟ್ಟದೆ ನಡೆಸಬಹುದಾದ ಕುಟುಂಬದ ಕಾರು ಈಗಲೂ ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ವಿಜಯಪುರದಲ್ಲಿ ಮನೆ, ಹಿರಿಯರೂ ಮಕ್ಕಳೂ ಸೇರಿ ಆರು ಜನ, ಹನ್ನೆರಡು ಲಕ್ಷದೊಳಗೆ ಹೊಸ ಕಾರು ಬೇಕು, ಎಪ್ಪತ್ತರ ಹತ್ತಿರ ಬಂದಿರುವ ನಿಮ್ಮ ತಂದೆಯವರೂ ಆಗಾಗ ಓಡಿಸುತ್ತಾರೆ, ಆದ್ದರಿಂದ ಏಸಿ ಹೆಚ್ಚು ಕಡಿಮೆ ಮಾಡುವುದಕ್ಕೂ ಪರದೆಯಲ್ಲಿ ತಡಕಾಡುವಂತಿರಬಾರದು. ಬಾಗಲಕೋಟೆಯಲ್ಲಿದ್ದುಕೊಂಡು ಕಳೆದ ವರ್ಷ ನಾನೂ ಇದೇ ಹುಡುಕಾಟ ನಡೆಸಿದ್ದರಿಂದ ಉತ್ತರಿಸುತ್ತಿದ್ದೇನೆ. ಅಂಥ ಕಾರು ಖಂಡಿತ ಸಿಗುತ್ತದೆ, ಆದರೆ ಕಂಪನಿಯ ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ವೇರಿಯಂಟ್, ಅಂದರೆ ಒಂದೇ ಕಾರಿನ ಬೇರೆ ಬೇರೆ ಬೆಲೆಯ ಆವೃತ್ತಿ, ಹಿಡಿದು ಹುಡುಕಬೇಕು. ಒಂದೇ ಕಾರಿನ ಕೆಳಗಿನ ವೇರಿಯಂಟಿನಲ್ಲಿ ಏಸಿಗೆಂದು ಮೂರು ನಾಬ್‌ಗಳಿರುತ್ತವೆ, ಹೆಚ್ಚು ಹಣ ಕೊಟ್ಟು ಮೇಲಿನದನ್ನು ಕೊಂಡರೆ ಅದೇ ಜಾಗದಲ್ಲಿ ನುಣ್ಣನೆಯ ಕಪ್ಪು ಪಟ್ಟಿಯೊಂದು ಕುಳಿತಿರುವುದುಂಟು. ಈ ಒಂದು ವಿಷಯದಲ್ಲಿ ಕಡಿಮೆ ಬೆಲೆಗೇ ಒಳ್ಳೆಯ ಮಾಲು ಸಿಗುತ್ತದೆ ಎನ್ನಬಹುದು.

ಶೋರೂಮಿನಲ್ಲಿ ಈ ಬೇಡಿಕೆಯನ್ನು ಹೇಳಿದಾಗ ಅದನ್ನು ವಯಸ್ಸಾದವರ ಹಠವೆಂಬಂತೆ ನೋಡಿ, "ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ ಸರ್" ಎಂದು ನಕ್ಕು ಮುಂದಿನ ಮಾತಿಗೆ ಹೋಗುತ್ತಾರೆ. ಇದು ರೂಢಿಯ ಮಾತಲ್ಲ. ಸ್ವೀಡನ್ನಿನ 'ವಿ ಬಿಲ್‌ಎಗಾರೆ' ಎಂಬ ವಾಹನ ಪತ್ರಿಕೆ 2022ರಲ್ಲಿ ಹನ್ನೊಂದು ಹೊಸ ಕಾರುಗಳನ್ನು 2005ರ ಒಂದು ವೋಲ್ವೊ ಕಾರಿನ ಜೊತೆಗೆ ಪರೀಕ್ಷೆಗೆ ಒಡ್ಡಿತ್ತು. ಚಾಲಕರಿಗೆ ಕಾರಿನ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟು, ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಿರುವಾಗ ರೇಡಿಯೊ ಹಚ್ಚುವುದು, ಉಷ್ಣತೆ ಹೊಂದಿಸುವುದು ಮೊದಲಾದ ಕೆಲವು ಕೆಲಸಗಳನ್ನು ಮಾಡಿಸಿದರು. ಗುಂಡಿಗಳೇ ತುಂಬಿದ್ದ ಹಳೆಯ ವೋಲ್ವೊದಲ್ಲಿ ಅಷ್ಟೂ ಕೆಲಸ 10 ಸೆಕೆಂಡಿನಲ್ಲಿ, 306 ಮೀಟರ್ ಸಾಗುವಷ್ಟರಲ್ಲಿ ಮುಗಿಯಿತು; ಎಲ್ಲಕ್ಕಿಂತ ಹಿಂದುಳಿದ ಹೊಸ ಕಾರಿಗೆ 44.9 ಸೆಕೆಂಡು ಬೇಕಾಯಿತು, ಅಷ್ಟರಲ್ಲಿ ಅದು 1,372 ಮೀಟರ್ ಓಡಿತ್ತು. ಯುರೋಪಿನ ಸುರಕ್ಷತಾ ಪರೀಕ್ಷೆಯಾದ ಯುರೋ ಎನ್‌ಕ್ಯಾಪ್ ಕೂಡ 2026ರ ಜನವರಿಯಿಂದ ಇಂಡಿಕೇಟರ್, ಅಪಾಯ ಸೂಚಕ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ ಇವಿಷ್ಟಕ್ಕೂ ಕೈಗೆ ಸಿಗುವ ಗುಂಡಿಯನ್ನೋ ಹಿಡಿಕೆಯನ್ನೋ ಬಯಸುತ್ತದೆ. ನಮ್ಮ ಭಾರತ್ ಎನ್‌ಕ್ಯಾಪ್ ಮುಖ್ಯವಾಗಿ ನೋಡುವುದು ಡಿಕ್ಕಿಯಾದಾಗ ದೊಡ್ಡವರಿಗೂ ಮಕ್ಕಳಿಗೂ ಸಿಗುವ ರಕ್ಷಣೆಯನ್ನು. ಆದ್ದರಿಂದ ಗುಂಡಿಗಳ ಪರೀಕ್ಷೆಯನ್ನು ಕೊಳ್ಳುವವರೇ ಮಾಡಿಕೊಳ್ಳಬೇಕು.

ನಮ್ಮ ಕಡೆಯ ರಸ್ತೆಗೆ ಇದನ್ನು ಹೊಂದಿಸಿ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ರಸ್ತೆಗಳಲ್ಲಿ ಹಿಂದಿನ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿ ಎದುರಾಗುವುದು ನಿಮಗೂ ಗೊತ್ತು. ಎರಡು ಸೆಕೆಂಡು ಪರದೆಯ ಮೇಲೆ ಕಣ್ಣಿಟ್ಟರೆ 44 ಮೀಟರ್ ರಸ್ತೆಯನ್ನು ನೋಡದೇ ದಾಟಿದಂತಾಯಿತು, ಅದರೊಳಗೆ ಅಂಥದೊಂದು ಟ್ರ್ಯಾಕ್ಟರ್ ನಿಂತಿರಲು ಧಾರಾಳವಾಗಿ ಜಾಗವಿದೆ.

ಎಲ್ಲ ನಿಯಂತ್ರಣಗಳೂ ಒಂದೇ ತೂಕದವಲ್ಲ. ಫೋನ್ ಜೋಡಿಸುವುದು, ಗಡಿಯಾರ ಹೊಂದಿಸುವುದು ಪರದೆಯಲ್ಲಿದ್ದರೆ ಇರಲಿ, ಅವನ್ನು ನಿಂತಾಗ ಮಾಡಿಕೊಳ್ಳಬಹುದು. ಓಡುವಾಗ ಬೇಕಾಗುವವುಗಳಲ್ಲಿ ವೈಪರ್, ದೀಪ, ಇಂಡಿಕೇಟರ್‌ಗಳು ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಕುಟುಂಬದ ಕಾರುಗಳಲ್ಲಿ ಸ್ಟಿಯರಿಂಗಿನ ಎಡಬಲದ ಹಿಡಿಕೆಗಳಲ್ಲೇ ಉಳಿದಿವೆ. ಹಾಡಿನ ಸದ್ದು ಸ್ಟಿಯರಿಂಗಿನ ಮೇಲಿನ ಗುಂಡಿಯಿಂದ ಏರಿಳಿದರೆ ಸಾಕು. ನಿಜವಾಗಿ ನೋಡಬೇಕಾದದ್ದು ಏಸಿಯನ್ನು, ಅದರಲ್ಲೂ ಮುಂದಿನ ಗಾಜಿಗೆ ಗಾಳಿ ತಿರುಗಿಸುವ ವ್ಯವಸ್ಥೆಯನ್ನು. ಮಳೆಗಾಲದಲ್ಲಿ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕಾರಿನ ತುಂಬ ಜನ, ಒದ್ದೆ ಬಟ್ಟೆ, ಹೊರಗೆ ತಂಪು. ನೋಡನೋಡುತ್ತ ಗಾಜಿನ ಒಳಮೈ ಮಬ್ಬಾಗುತ್ತದೆ. ಆಗ ಏಸಿ ಹಚ್ಚಬೇಕು, ಏಕೆಂದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ತೆಗೆಯಬೇಕು. ಗಾಳಿಯನ್ನು ಗಾಜಿಗೆ ತಿರುಗಿಸಿ ಬ್ಲೋವರ್ ಏರಿಸಬೇಕು. ನಾಬ್‌ಗಳಿರುವ ಕಾರಿನಲ್ಲಿ ಇವೆಲ್ಲ ತಿರುವಿನ ಮೇಲಿಂದ ಕಣ್ಣು ತೆಗೆಯದೆ ಎಡಗೈಯಿಂದಲೇ ಮುಗಿಯುತ್ತವೆ, ಏಕೆಂದರೆ ಬಲತುದಿಗೆ ತಿರುಗಿಸಿದರೆ ಗಾಜಿಗೆ ಗಾಳಿ ಎಂಬುದು ಬೆರಳಿಗೇ ಗೊತ್ತಿರುತ್ತದೆ, ಬ್ಲೋವರ್ ಒಂದೊಂದು ಮೆಟ್ಟಿಲೇರಿದ್ದೂ ಕೈಗೆ ತಾಗುವ 'ಟಕ್' ಎಂಬ ಸಣ್ಣ ತಡೆಯಿಂದ ತಿಳಿಯುತ್ತದೆ. ನಮ್ಮ ಭಾವನವರ ಕಾರಿನಲ್ಲಿ ಇದೇ ಕೆಲಸಕ್ಕೆ ಪರದೆಯಲ್ಲಿ ನಕ್ಷೆಯನ್ನು ಸರಿಸಿ, ಏಸಿಯ ಪುಟ ತೆರೆದು, ಅಲ್ಲಿರುವ ಕಿರಿದಾದ ಗಾಜಿನ ಚಿತ್ರವನ್ನು ಒತ್ತಬೇಕು. ಬೆರಳು ಒದ್ದೆಯಿದ್ದರೆ ಅದು ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಘಾಟಿನಲ್ಲಿ ಆ ಕೆಲಸ ಪಕ್ಕದಲ್ಲಿ ಕುಳಿತ ಅಕ್ಕನ ಪಾಲಿನದು.

ಇನ್ನು ಯಾವ ಕಾರು ಎಂಬ ಮಾತು. ಆರು ಜನಕ್ಕೆ ಮೂರು ಸಾಲಿನ ಕಾರು ಬೇಕೆಂದರೆ ಮಾರುತಿಯ ಎರ್ಟಿಗಾ, ರೆನೋದ ಟ್ರೈಬರ್, ಮಹೀಂದ್ರದ ಬೊಲೆರೊ ನಿಯೊ ಇವು ನೋಡಬೇಕಾದವು. ಎರ್ಟಿಗಾದ ವಿಎಕ್ಸ್‌ಐ ವೇರಿಯಂಟಿನಲ್ಲಿ ಏಸಿಗೆ ಕೈಯಿಂದ ತಿರುಗಿಸುವ ನಾಬ್‌ಗಳಿವೆ, ಸಿಎನ್‌ಜಿಯಲ್ಲೂ ಸಿಗುತ್ತದೆ. ಟ್ರೈಬರ್ ಕಡಿಮೆ ಬೆಲೆಯದು, ಆದರೆ ಅದರ 999 ಸಿಸಿ ಎಂಜಿನ್ ಏಸಿ ಹಚ್ಚಿಕೊಂಡು ತುಂಬಿದ ಕಾರನ್ನು ಎಳೆಯುವಾಗ ಏದುಸಿರು ಬಿಡುತ್ತದೆ. ನಿಯೊ ಡೀಸೆಲ್ ಗಾಡಿ, ಹಳ್ಳಿಯ ರಸ್ತೆಗೆ ಗಟ್ಟಿ, ಆದರೆ ಅದರ ಹಿಂದಿನ ಸಾಲಿನಲ್ಲಿ ಅಡ್ಡಡ್ಡ ಕುಳಿತು ಸೊಲ್ಲಾಪುರದವರೆಗೆ ಹೋಗಲು ನಿಮ್ಮ ತಾಯಿಯವರು ಒಪ್ಪುವರೆಂದು ನನಗೆ ಅನ್ನಿಸುವುದಿಲ್ಲ. ಬೆಲೆಯ ಲೆಕ್ಕದಲ್ಲಿ ಒಂದು ಅಂಶವನ್ನು ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರುಗಳಿಗೆ ಜಿಎಸ್‌ಟಿ ಶೇ. 18, ಅದಕ್ಕಿಂತ ದೊಡ್ಡವಕ್ಕೆ ಶೇ. 40 ಆಗಿದೆ. ಟ್ರೈಬರ್, ನಿಯೊ ಎರಡೂ ಮೊದಲ ಗುಂಪಿನವು, ಎರ್ಟಿಗಾ ಎರಡನೆಯದು.

ಆದರೆ ನನ್ನನ್ನು ಹಿಂದೆ ಸರಿಸಿದ್ದು ತೆರಿಗೆಯಲ್ಲ, ಡಿಕ್ಕಿ ಪರೀಕ್ಷೆ. 2024ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎರ್ಟಿಗಾಕ್ಕೂ ಬೊಲೆರೊ ನಿಯೊಗೂ ದೊಡ್ಡವರ ರಕ್ಷಣೆಯಲ್ಲಿ ಒಂದೊಂದೇ ನಕ್ಷತ್ರ ಕೊಟ್ಟಿತ್ತು. ಎರ್ಟಿಗಾದ ಎಲ್ಲ ವೇರಿಯಂಟ್‌ಗಳಿಗೂ ಆರು ಏರ್‌ಬ್ಯಾಗ್ ಬಂದದ್ದು ಅದಾದ ಮರುವರ್ಷ. ಮಾರುತಿಯದೇ ಐದು ಸೀಟಿನ ಹೊಸ ಡಿಸೈರ್ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿದೆ, ಅದರ ವಿಎಕ್ಸ್‌ಐನಲ್ಲೂ ಏಸಿಗೆ ನಾಬ್‌ಗಳೇ ಇವೆ, ತಾನಾಗಿ ಉಷ್ಣತೆ ಹೊಂದಿಸಿಕೊಳ್ಳುವ ಏಸಿ ಬರುವುದು ಅದರ ಮೇಲಿನ ಜೆಡ್‌ಎಕ್ಸ್‌ಐನಿಂದ. ಆರೂ ಜನ ಒಟ್ಟಿಗೆ ಹೊರಡುವುದು ಬನಶಂಕರಿ ಜಾತ್ರೆಗೋ ಮದುವೆಗೋ ಮಾತ್ರ ಎಂದಾದರೆ, ಆ ದಿನಕ್ಕೆ ಬಾಡಿಗೆ ಗಾಡಿ ಮಾಡಿಕೊಂಡು ಉಳಿದ ದಿನಗಳಿಗೆ ಡಿಸೈರ್ ಇಟ್ಟುಕೊಳ್ಳುವುದೇ ಸರಿ ಎಂದು ನಾವು ತೀರ್ಮಾನಿಸಿದೆವು. ವಾರವಾರವೂ ಆರು ಜನ ಕೂಡುವ ಮನೆಯಾದರೆ ಎರ್ಟಿಗಾ ಅನಿವಾರ್ಯ. ಹೋಂಡಾದ ಅಮೇಜ್ ಕೂಡ ಪಟ್ಟಿಯಲ್ಲಿರಲಿ. ಏಸಿಗೆ ನಾಬ್ ಮತ್ತು ಗುಂಡಿಗಳನ್ನು ಅದು ಉಳಿಸಿಕೊಂಡಿದೆ, ಅಂದರೆ ತಾನಾಗಿ ಹೊಂದಿಕೊಳ್ಳುವ ಏಸಿ ಎಂದಾಕ್ಷಣ ಅದು ಪರದೆಯೊಳಗೇ ಇರಬೇಕೆಂದಿಲ್ಲ. ಟಾಟಾದ ನೆಕ್ಸಾನ್ ಗಟ್ಟಿಮುಟ್ಟಾದ ಕಾರಾದರೂ 2023ರಲ್ಲಿ ಹೊಸ ರೂಪ ಪಡೆದಾಗ ಏಸಿಗೆ ಸ್ಪರ್ಶದ ಪಟ್ಟಿ ಬಂತು, ನಡುವೆ ಒಂದೆರಡು ಸ್ವಿಚ್ಚುಗಳಷ್ಟೇ ಉಳಿದವು; ಆ ಕಾರಣಕ್ಕೇ ನಾನು ಅದನ್ನು ಬಿಟ್ಟೆ.

ಕೆಳಗಿನ ವೇರಿಯಂಟ್ ಕೊಂಡರೆ ಕೆಲವು ಕಡೆ ಹಿಂದಿನ ಗಾಜಿನ ವೈಪರ್, ರಿವರ್ಸ್ ಕ್ಯಾಮೆರಾ ಇರುವುದಿಲ್ಲ. ಸನ್‌ರೂಫ್ ಕೂಡ ಇರುವುದಿಲ್ಲ, ಮೇ ತಿಂಗಳ ವಿಜಯಪುರದಲ್ಲಿ ನೆತ್ತಿಯ ಮೇಲೆ ಗಾಜು ಬೇಕೆನ್ನುವವರಿಗೆ ಅದು ನಷ್ಟವೇ ಸರಿ. ರಿವರ್ಸ್ ಸೆನ್ಸರ್ 2019ರ ಜುಲೈಯಿಂದ ಕಡ್ಡಾಯವಾಗಿರುವುದರಿಂದ ಹಿಂದೆ ಗೋಡೆ ಬಂದಾಗ ಕೂಗುವ ಸದ್ದಂತೂ ಇದ್ದೇ ಇರುತ್ತದೆ. ಟೇಪೇ ಇಲ್ಲದ ವೇರಿಯಂಟ್ ಕೊಂಡು, ಸದ್ದಿಗೆ ನಾಬ್ ಇರುವ ಸ್ಟೀರಿಯೊವನ್ನು ನಂತರ ಹಾಕಿಸಿಕೊಳ್ಳುವ ದಾರಿಯೂ ಇದೆ. ಆದರೆ ವೈರ್ ಕತ್ತರಿಸದೆ ಕಪ್ಲರ್ (ವೈರ್‌ಗಳನ್ನು ಕೂಡಿಸುವ ಪ್ಲಗ್) ಜೋಡಿಸಿಯೇ ಕೂಡಿಸಬೇಕೆಂದು ಒತ್ತಿ ಹೇಳಿ, ಇಲ್ಲವಾದರೆ ವಾರಂಟಿಯ ತಕರಾರು ಬರಬಹುದು.

ಶೋರೂಮಿಗೆ ಹೋದಾಗ ಚಾಲಕನ ಸೀಟಿನಲ್ಲಿ ಕುಳಿತು, ನಿಂತ ಕಾರಿನಲ್ಲೇ ಕಣ್ಣು ಮುಚ್ಚಿಕೊಂಡು ಬ್ಲೋವರ್ ಎರಡು ಮೆಟ್ಟಿಲು ಏರಿಸಿ, ಗಾಳಿಯನ್ನು ಗಾಜಿಗೆ ತಿರುಗಿಸಿ, ಹಾಡಿನ ಸದ್ದು ತಗ್ಗಿಸಿ ನೋಡಿ. ನಿಮ್ಮ ತಂದೆಯವರಿಂದಲೂ ಮಾಡಿಸಿ. ಟೆಸ್ಟ್ ಡ್ರೈವ್‌ಗೆ ಕೊಡುವ ಕಾರು ಬಹುತೇಕ ಮೇಲಿನ ವೇರಿಯಂಟಿನದೇ ಆಗಿರುತ್ತದೆ, ಅದರ ಒಳಗನ್ನು ನೋಡಿ ಬುಕ್ ಮಾಡಬೇಡಿ. ನೀವು ಕೊಳ್ಳಲಿರುವ ವೇರಿಯಂಟನ್ನು ಅವರ ಯಾರ್ಡಿಗೇ ಹೋಗಿ ನೋಡುವೆವೆಂದು ಹೇಳಿ, ಕೊಟೇಷನ್ನಿನಲ್ಲಿ ಅದೇ ಹೆಸರು ಬರೆಸಿಕೊಳ್ಳಿ. ಸಾಧ್ಯವಾದರೆ ಕತ್ತಲಾದ ಮೇಲೆ ಹೋಗಿ, ದೀಪ ಹಚ್ಚಿದಾಗ ಯಾವ ಯಾವ ಗುಂಡಿಗೆ ಬೆಳಕು ಬರುತ್ತದೆ ಎಂಬುದನ್ನೂ ನೋಡಿ, ಏಕೆಂದರೆ ಕೆಲವು ಕಾರುಗಳಲ್ಲಿ ಗಾಜು ಇಳಿಸುವ ಸ್ವಿಚ್ಚುಗಳ ಪೈಕಿ ಚಾಲಕನದಕ್ಕೆ ಮಾತ್ರ ಬೆಳಕಿರುತ್ತದೆ.