ಗ್ರಾಜುಯೇಷನ್ ಕಲೆಕ್ಷನ್‌ಗೆ ಸ್ಫೂರ್ತಿ ಎಲ್ಲಿಂದ ತರೋದು?

ನಿಮ್ಮ ಪ್ರಶ್ನೆ ಇದು: "ಹುಬ್ಬಳ್ಳಿಯಲ್ಲಿ ಫ್ಯಾಷನ್ ಡಿಸೈನ್ ಕೊನೆಯ ವರ್ಷ ಓದ್ತಿದ್ದೀನಿ. ಕೋರ್ಸ್ ಕೊನೆಗೆ ಮಾಡಿ ತೋರಿಸಬೇಕಾದ ಬಟ್ಟೆಗಳ ಸೆಟ್, ಅಂದ್ರೆ ಗ್ರಾಜುಯೇಷನ್ ಕಲೆಕ್ಷನ್‌ಗೆ ನಮ್ಮ ಭಾಗದ್ದೇ ಏನಾದರೂ ತಗೋ ಅಂತಾರೆ ಮೇಡಂ. ಕಸೂತಿ ಹೊಲಿಗೆ, ಇಳಕಲ್ ಸೀರೆ, ಲಕ್ಕುಂಡಿಯ ಗುಡಿ ಎಲ್ಲಾ ಹಿಂದಿನ ಬ್ಯಾಚಿನವರು ಮಾಡಿ ಮುಗಿಸಿದ್ದಾರೆ. ಹೊಸ ವಿಷಯ ಯಾವುದಿದೆ?"

ನಾನು ಇದೇ ಕೋರ್ಸ್ ಮುಗಿಸಿ ಈಗ ಧಾರವಾಡದಲ್ಲಿ ಚಿಕ್ಕದಾಗಿ ಬಟ್ಟೆ ಮಾಡಿಸುತ್ತೇನೆ. ಹೊಸ ವಿಷಯ ಹುಡುಕಬೇಡಿ. ಹಳೆಯದನ್ನೇ ತಗೊಳ್ಳಿ, ಆದರೆ ಅದರ ಚಿತ್ರ ತಗೋಬೇಡಿ. ಅದನ್ನು ಹೇಗೆ ಮಾಡಿದ್ದಾರೆ ಅನ್ನೋದನ್ನು ತಗೊಳ್ಳಿ. ಹಿಂದಿನ ಬ್ಯಾಚಿನವರು ಮುಗಿಸಿರೋದು ಬರೀ ಚಿತ್ರವನ್ನು. ಕಸೂತಿಯ ಗೋಪುರ ತಂದು ಕುರ್ತಾ ಮೇಲೆ ಡಿಜಿಟಲ್ ಪ್ರಿಂಟ್ ಹಾಕ್ತಾರೆ, ಲಕ್ಕುಂಡಿಯ ಶಿಲ್ಪದ ಫೋಟೊ ತಂದು ದುಪಟ್ಟಾ ಮೇಲೆ ಹಾಕ್ತಾರೆ. ನಮ್ಮ ಬ್ಯಾಚಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಅಂತ ಥೀಮ್ ಇಟ್ಟು, ಸ್ಕರ್ಟ್ ತುಂಬಾ ಮೆಣಸಿನಕಾಯಿ ಪ್ರಿಂಟ್ ಮಾಡಿಸಿದವರಿದ್ದರು. ಬ್ಯಾಡಗಿ ಕಾಯಿಯ ವಿಶೇಷ ಅದರ ಕಡುಕೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ. ಆ ಸುಕ್ಕನ್ನೇ ಬಟ್ಟೆಯಲ್ಲಿ ತರಬಹುದಿತ್ತಲ್ವಾ? ಮಲ್ ಅನ್ನೋ ತೆಳು ಹತ್ತಿ ಬಟ್ಟೆ ಒದ್ದೆ ಮಾಡಿ, ಹಿಂಡಿ, ಬಿಗಿಯಾಗಿ ಕಟ್ಟಿ ಒಣಗಿಸಿದರೆ ಅಂಥದ್ದೇ ಸುಕ್ಕು ಬರುತ್ತೆ.

ನನ್ನ ಗ್ರಾಜುಯೇಷನ್ ಕಲೆಕ್ಷನ್ ಕಸೂತಿ ಮೇಲೇ ಇತ್ತು. ಹೌದು, ಎಲ್ಲರೂ ಮಾಡಿ ಮುಗಿಸಿದ ಅದೇ ಕಸೂತಿ. ಶುರುವಿಗೆ ನನ್ನ ಹತ್ತಿರವೂ ತೇರು, ಆನೆ, ನವಿಲು, ತುಳಸಿ ಕಟ್ಟೆ ಇವುಗಳ ಫೋಟೊಗಳೇ ಇದ್ದವು. ಆಮೇಲೆ ಧಾರವಾಡದಲ್ಲಿ ಕಸೂತಿ ಹಾಕುವ ಒಬ್ಬ ಅಜ್ಜಿಯ ಹತ್ತಿರ ಕಲಿಯಲು ಕೂತೆ. ನಾನು ದಾರದ ತುದಿಗೆ ಗಂಟು ಹಾಕಲು ಹೊರಟಾಗ ಅವರು ತಡೆದರು. "ಗಂಟು ಹಾಕಿದ್ರ ಅದು ಕಸೂತಿ ಹೆಂಗ ಆಕ್ಕೈತವ್ವಾ?"

ಕಸೂತಿಯಲ್ಲಿ ನಾಲ್ಕು ಹೊಲಿಗೆ ಇವೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ನನಗೆ ದಾರಿ ತೋರಿಸಿದ್ದು ಗವಂತಿ. ಬಟ್ಟೆಯ ಎಳೆ ಎಣಿಸಿ, ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಮುಂದೆ ಹೋಗಬೇಕು. ಮತ್ತೆ ಬಂದ ದಾರಿಯಲ್ಲೇ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬಬೇಕು. ವಾಪಸ್ ಬಂದಾಗ ಗೆರೆ ಪೂರ್ತಿಯಾಗುತ್ತೆ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತೆ. ಗಂಟು ಇಲ್ಲ, ಪೆನ್ಸಿಲ್ ಗುರುತೂ ಇಲ್ಲ. ಆದ್ದರಿಂದ ಸೂಜಿ ಚುಚ್ಚುವ ಮೊದಲೇ ಇಡೀ ತೇರಿನ ದಾರಿ ತಲೆಯಲ್ಲಿರಬೇಕು. ಯಾವ ಕೊಂಬೆಗೆ ಮೊದಲು ಹೋಗೋದು, ಎಲ್ಲಿಂದ ತಿರುಗೋದು ಅಂತ. ತಪ್ಪಿದರೆ ಹಿಂದಿನ ಬದಿಯಲ್ಲಿ ದಾರ ಅಡ್ಡ ಹಾಯುತ್ತೆ. ಎಳೆ ಎಣಿಸಲು ಬಾರದ ಬಟ್ಟೆಯಾದರೆ ಮೇಲೆ ಜಾಳಿಯಂಥ ಮ್ಯಾಟಿ ಬಟ್ಟೆ ಟಾಕಿ, ಅದರ ಮೂಲಕ ಹೊಲಿದು, ಆಮೇಲೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೀತಾರೆ.

ಇಷ್ಟು ಗೊತ್ತಾದ ಮೇಲೆ ನನ್ನ ಥೀಮ್ ತಾನಾಗಿ ಬದಲಾಯಿತು. ಎರಡೂ ಕಡೆ ಒಂದೇ ಥರ ಕಾಣಲಿ ಅಂತ ಇಷ್ಟು ಕಷ್ಟಪಟ್ಟ ಕೆಲಸವನ್ನು ನಾವು ಒಳಗೆ ಲೈನಿಂಗ್ ಹಾಕಿ ಮುಚ್ಚುತ್ತೇವೆ! ಹಾಗಾಗಿ ಲೈನಿಂಗೇ ಇಲ್ಲದ, ಒಳಗು ಹೊರಗು ಮಾಡಿ ಹಾಕಿಕೊಳ್ಳಬಹುದಾದ ಬಟ್ಟೆ ಮಾಡೋಣ ಅಂದುಕೊಂಡೆ. ಅಲ್ಲಿಂದ ಮುಂದೆ ಎಲ್ಲಾ ನಿರ್ಧಾರವನ್ನೂ ಆ ಒಂದು ನಿಯಮವೇ ಮಾಡಿತು. ಅಂಚಿನ ಎಳೆ ಬಿಚ್ಚದಂತೆ ಮಷಿನ್‌ನಲ್ಲಿ ಹಾಕುವ ಓವರ್‌ಲಾಕ್ ಹಾಕೋ ಹಾಗಿಲ್ಲ, ಅಂದ್ರೆ ಎಲ್ಲಾ ಕಡೆ ಅಂಚು ಮಡಚಿ ಒಳಗೆ ಸೇರಿಸಿ ಎರಡು ಸಾಲು ಹೊಲಿಗೆ. ಗುಂಡಿ ಒಂದೇ ಕಡೆ ಚೆನ್ನಾಗಿ ಕಾಣುತ್ತೆ, ಹಾಗಾಗಿ ಗುಂಡಿ ಬೇಡ. ಬದಲಿಗೆ ನಮ್ಮ ಕಸೆ ಅಂಗಿಯ ಕಸೆ, ಅಂದ್ರೆ ಕಟ್ಟುವ ದಾರ ಬಂತು, ಅದನ್ನು ಯಾವ ಕಡೆಯಿಂದಲಾದರೂ ಕಟ್ಟಬಹುದು. ಬಣ್ಣ ಕಪ್ಪು, ಯಾಕಂದ್ರೆ ಹಿಂದೆ ಮದುವೆಗೆ ಕೊಡುತ್ತಿದ್ದ ಚಂದ್ರಕಾಳಿ ಸೀರೆ ಕಪ್ಪು, ಅದರ ಮೇಲೇ ಕಸೂತಿ ಹಾಕುತ್ತಿದ್ದರು. ಜ್ಯೂರಿಯಲ್ಲಿ ಒಬ್ಬರು ಜಾಕೆಟ್ ತಿರುಗಿಸಿ ನೋಡಿ, ಮತ್ತೆ ತಿರುಗಿಸಿ, "ಸೀದಾ ಯಾವುದು?" ಅಂದರು. ನನಗೆ ಬೇಕಾಗಿದ್ದದ್ದೂ ಆ ಪ್ರಶ್ನೆಯೇ. ಸ್ಫೂರ್ತಿಯ ಚಿತ್ರ ಅಂಟಿಸಿದ ಮೂಡ್ ಬೋರ್ಡ್ ಯಾರೂ ಸರಿಯಾಗಿ ನೋಡಲೇ ಇಲ್ಲ ಅನ್ನಿ.

ನನ್ನ ಎರಡನೇ ಕಲೆಕ್ಷನ್, ಓದು ಮುಗಿಸಿ ಕೆಲಸ ಶುರು ಮಾಡಿದ ಮೇಲಿನದು. ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊಡ್ಡಬಸಪ್ಪ ದೇವಸ್ಥಾನ ಇದೆ, ಕಲ್ಯಾಣ ಚಾಲುಕ್ಯರ ಕಾಲದ್ದು, 12ನೇ ಶತಮಾನದ್ದು. ಲಕ್ಕುಂಡಿಗೆ ಹೋದವರೆಲ್ಲ ಇಲ್ಲಿಗೆ ಬರೋದಿಲ್ಲ. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರದ ಆಕಾರದಲ್ಲಿದೆ. ಒಂದು ಚೌಕವನ್ನು ನಡು ಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತಾ ಹೋಗಿ. ಆರು ಚೌಕ, ಒಂದೊಂದಕ್ಕೆ ನಾಲ್ಕು ಮೂಲೆ, ಒಟ್ಟು 24. ಪೇಪರ್ ಮೇಲೆ ಅದನ್ನು ಬರೆದಾಗ ನನಗೆ ಕಂಡಿದ್ದು ಸ್ಕರ್ಟ್!

ಪ್ಯಾಟರ್ನ್ ಹೀಗೆ. 44 ಇಂಚು ಪನ್ನದ (ಅಗಲದ) ಮಲ್ ಬಟ್ಟೆಯಲ್ಲಿ 44 ಇಂಚಿನ ಚೌಕ ಕತ್ತರಿಸಿ. ನಡುವೆ ಸೊಂಟದ ತೂತು. 28 ಇಂಚಿನ ಸೊಂಟಕ್ಕೆ ಸುಮಾರು ನಾಲ್ಕೂವರೆ ಇಂಚು ತ್ರಿಜ್ಯ. ಹಾಕಿಕೊಂಡಾಗ ಅಂಚಿನ ನಡುಭಾಗ ಸೊಂಟದಿಂದ ಹದಿನೇಳೂವರೆ ಇಂಚು ಇಳಿಯುತ್ತೆ, ಮೂಲೆ ಇಪ್ಪತ್ತಾರೂವರೆ ಇಂಚು ಇಳಿಯುತ್ತೆ. ಇಂಥ ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟು ಸೊಂಟದಲ್ಲಿ ಸೇರಿಸಿದರೆ ಡಂಬಳದ ನಕ್ಷತ್ರ ನಿಮ್ಮ ಕಾಲ ಸುತ್ತ ಬರುತ್ತೆ. ಆರೂ ಪದರ ಹಾಕಿದರೆ ಸೊಂಟದಲ್ಲಿ ದಪ್ಪ ಆಗುತ್ತೆ, ಆರು ಏಳು ಮೀಟರ್ ಬಟ್ಟೆಯೂ ಬೇಕು. ದಿನಾ ಹಾಕುವುದಕ್ಕೆ ಮೂರೇ ಪದರ ಸಾಕು, 30 ಡಿಗ್ರಿ ತಿರುಗಿಸಿ, 12 ಮೂಲೆ ಸಿಗುತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಏನಂದ್ರೆ, ಉಂಬ್ರೆಲಾ ಸ್ಕರ್ಟ್‌ನಂತೆ ಗುಂಡನೆ ಅಂಚು ಮಡಚುವ ಪೀಕಲಾಟ ಇಲ್ಲ. ಚೌಕದ ಅಂಚು ನೇರ, ಎರಡು ಕಡೆ ಸೆಲ್ವೆಜೇ, ಅಂದ್ರೆ ಬಿಚ್ಚಿಕೊಳ್ಳದ ನೇಯ್ಗೆಯ ಅಂಚೇ ಇರುತ್ತೆ. ಮೂಲೆಗಳ ಕಡೆ ಮಾತ್ರ ಬಟ್ಟೆ ಓರೆಯಾಗಿ ಜಗ್ಗುತ್ತೆ. ಒಂದು ದಿನ ನೇತುಹಾಕಿ ಆಮೇಲೆ ಉಳಿದ ಅಂಚು ಮುಗಿಸಿ.

ಇಡೀ ಸ್ಕರ್ಟ್ ಮೇಲೆ ದೇವಸ್ಥಾನದ ಒಂದು ಚಿತ್ರವೂ ಇಲ್ಲ. ಗೊತ್ತಿದ್ದವರು ಮೇಲಿನಿಂದ ನೋಡಿದರೆ ಹಿಡೀತಾರೆ. ಗೊತ್ತಿಲ್ಲದವರಿಗೆ ಒಳ್ಳೆಯ ಸ್ಕರ್ಟ್, ಅಷ್ಟೇ.

ಇಳಕಲ್ ಬಗ್ಗೆ ನನ್ನದೊಂದು ತಕರಾರು ಇದೆ. ಇಳಕಲ್ ಇರೋದು ಬಾಗಲಕೋಟೆ ಜಿಲ್ಲೆಯಲ್ಲಿ, ಆದರೆ ಸೀರೆ ನಮ್ಮ ಮನೆಗಳದ್ದೂ ಹೌದು. ಸೀರೆಯ ಮೈಯ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸೇರಿಸಿ ನೇಯ್ತಾರೆ, ಅದೇ ಅದರ ಜಾಣ್ಮೆ. ಅಂಥ ಸೀರೆಯನ್ನು ಸರಿಯಾಗಿ ಆ ಜಾಗದಲ್ಲೇ ಕತ್ತರಿಸಿ, ಇಳಕಲ್‌ನ ಗುರುತಾದ ಟೋಪ್ ತೆನಿ ಸೆರಗನ್ನು ಬೇರೆ ಮಾಡಿ ಜಾಕೆಟ್ ಬೆನ್ನಿಗೆ ಹಚ್ಚಿ "ಹ್ಯಾಂಡ್‌ಲೂಮ್ ರಿವೈವಲ್" ಅಂತ ಬರೆದರೆ ನನಗೆ ಹೊಟ್ಟೆ ಉರಿಯುತ್ತೆ. ಕತ್ತರಿಸಲೇಬಾರದು ಅಂತಲ್ಲ. ಕೊಂಡಿಯ ಸಾಲು ಬಟ್ಟೆಯಲ್ಲಿ ಎಲ್ಲಿ ಬರಬೇಕು ಅಂತ ಮೊದಲು ಯೋಚಿಸಿ, ಆಮೇಲೆ ಕತ್ತರಿ ಹಿಡೀರಿ.

ಇನ್ನೂ ಬೇಕಿದ್ದರೆ: ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡ್ತಾರಲ್ಲ, ಅದನ್ನು ಕಾಲರ್ ಬಿಗಿಯಾಗಲು ಒಳಗೆ ಅಂಟಿಸುವ ಫ್ಯೂಸಿಂಗ್ ಬದಲು ಹಾಕಿ ನೋಡಿ. ನವಲಗುಂದ ಜಮಖಾನ ಇದೆ, ಅದರ ಪಗಡೆಯಾಟದ ಚೌಕದ ವಿನ್ಯಾಸವನ್ನು ಎಲ್ಲರೂ ನಕಲು ಮಾಡ್ತಾರೆ, ಆದರೆ ಅದನ್ನು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರು ಹೇಗೆ ನೇಯ್ತಾರೆ ಅಂತ ಕೂತು ನೋಡಿದ ವಿದ್ಯಾರ್ಥಿಗಳು ಕಡಿಮೆ. ಹಳೆ ಬಟ್ಟೆ ಸೇರಿಸಿ ಹೊಲಿಯುವ ಕೌದಿಯೂ ಇದೆ, ಮನೆಯಲ್ಲೇ ಸಿಗುತ್ತೆ.

ಕೊನೆಗೆ ಕೆಲಸದ ಮಾತು. ಕಸೂತಿ ಹಾಕಿಸೋದಾದರೆ ಈಗಲೇ ಮಾತಾಡಿ. ಮೈತುಂಬ ಕಸೂತಿ ಅಂದ್ರೆ ತಿಂಗಳುಗಟ್ಟಲೆ ಹಿಡಿಯುತ್ತೆ, ಶೋ ಹತ್ತಿರ ಬಂದಾಗ ಓಡಿದರೆ ಆಗೋದಿಲ್ಲ. ದರದಲ್ಲಿ ಚೌಕಾಶಿ ಮಾಡಬೇಡಿ, ಮುಂಗಡ ಕೊಡಿ. ಅವರು ಒಪ್ಪಿದರೆ ಟ್ಯಾಗ್ ಮೇಲೆ ನಿಮ್ಮ ಹೆಸರಿನ ಜೊತೆ ಅವರ ಹೆಸರೂ ಬರೆಯಿರಿ. ಮಲ್, ದಾರ, ಮ್ಯಾಟಿಗೆಲ್ಲಾ ಬೆಂಗಳೂರಿಗೆ ಹೋಗೋದೇನೂ ಬೇಕಿಲ್ಲ, ಮೊದಲು ಹುಬ್ಬಳ್ಳಿಯ ದುರ್ಗದ ಬೈಲ್ ಮಾರುಕಟ್ಟೆ ಸುತ್ತಿ ಬನ್ನಿ. ಖಾದಿ ಬೇಕಿದ್ದರೆ ಹುಬ್ಬಳ್ಳಿಯದ್ದೇ ಬೆಂಗೇರಿಗೆ ಹೋಗಿ, ರಾಷ್ಟ್ರಧ್ವಜ ಮಾಡುವ ಕೇಂದ್ರ ಇರೋದು ಅಲ್ಲೇ. ಡಂಬಳಕ್ಕೆ ಹೋಗೋದಾದರೆ ಕ್ಯಾಮೆರಾ ಜೊತೆಗೆ ಗ್ರಾಫ್ ಹಾಳೆ, ಪೆನ್ಸಿಲ್ ಒಯ್ಯಿರಿ.