ಪ್ಯಾರಿಸ್‌ನಲ್ಲಿ ಅಮ್ಮನ ಜೊತೆ ಐದು ರಾತ್ರಿ: ಕಡಿಮೆ ಖರ್ಚಿಗೆ ಎಲ್ಲಿ ಉಳಿಯುವುದು?

ನೀವು ಕೇಳಿರುವುದು ಇಷ್ಟು: ಮೇ ಕೊನೆಗೆ ನೀವು, ನಿಮ್ಮ ಹೆಂಡತಿ, 64 ವರ್ಷದ ತಾಯಿ ಪ್ಯಾರಿಸ್‌ನಲ್ಲಿ ಐದು ರಾತ್ರಿ ಇರುತ್ತೀರಿ. ತಾಯಿಗೆ ಮಂಡಿನೋವು, ಊಟ ಪಕ್ಕಾ ಸಸ್ಯಾಹಾರ. ಹಲವರು ಒಂದೇ ಕೋಣೆಯಲ್ಲಿ ಮಲಗುವ ಡಾರ್ಮ್ ಆಗುವುದಿಲ್ಲ. ಹೋಟೆಲ್ ರೇಟ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಕಡಿಮೆ ದುಡ್ಡಿಗೆ ಎಲ್ಲಿ ಉಳಿಯಬೇಕು?

ನಾನು ಎರಡು ಸಲ ಹೋಗಿ ಬಂದಿದ್ದೇನೆ. 2019ರಲ್ಲಿ ನಾನು ಮತ್ತು ನನ್ನ ಗಂಡ, 2025ರ ಮೇನಲ್ಲಿ ನಮ್ಮ ಅಮ್ಮನೂ ಸೇರಿ ಮೂರು ಜನ. ನಿಮ್ಮದು ಹೆಚ್ಚುಕಡಿಮೆ ನಮ್ಮ ಎರಡನೇ ಟ್ರಿಪ್ಪೇ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು 2019ರ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ನೀವೂ ಅದೇ ದಾರಿ ಹಿಡಿಯಬಾರದು. ರೇಟ್ ಕಡಿಮೆ ಇದೆ ಎಂದು ಹೆಸರಿನಲ್ಲೇ ‘ಪ್ಯಾರಿಸ್’ ಇದ್ದ ಒಂದು ಹೋಟೆಲ್ ಬುಕ್ ಮಾಡಿದೆವು. ಹೋಗಿ ನೋಡಿದರೆ ಅದು ಇದ್ದದ್ದು ಷಾರ್ಲ್ ದ ಗೋಲ್ ಏರ್‌ಪೋರ್ಟ್ ಪಕ್ಕದಲ್ಲಿ. ಊರೊಳಗಿನ ಹೋಟೆಲ್‌ಗೆ ಹೋಲಿಸಿದರೆ ರಾತ್ರಿಗೆ 30 ಯೂರೋ ಉಳಿದಿತ್ತು, ನಾಲ್ಕು ರಾತ್ರಿಗೆ 120. ಆದರೆ ಏರ್‌ಪೋರ್ಟ್ ಸ್ಟೇಷನ್‌ನಿಂದ ಊರಿಗೆ ಆಗ ರೈಲು ಟಿಕೆಟ್ ಒಬ್ಬರಿಗೆ 10.30 ಯೂರೋ. ಇಬ್ಬರಿಗೆ ಹೋಗಿಬರಲು ದಿನಕ್ಕೆ 41.20. ನಾಲ್ಕು ದಿನಕ್ಕೆ 164.80. ಉಳಿಸಿದ್ದಕ್ಕಿಂತ 45 ಯೂರೋ ಜಾಸ್ತಿಯೇ ಹೋಯಿತು. ಅದರ ಮೇಲೆ ಹೋಟೆಲ್ ಬಸ್‌ಗೆ ಕಾಯುವುದೂ ಸೇರಿ ದಿನಕ್ಕೆ ಸುಮಾರು ಮೂರು ಗಂಟೆ ದಾರಿಯಲ್ಲೇ ಕಳೆಯಿತು. ರಾತ್ರಿ ಐಫೆಲ್ ಟವರ್ ದೀಪ ಹೊತ್ತುವ ಹೊತ್ತಿಗೆ ನಾವು ವಾಪಸ್ ರೈಲಿನಲ್ಲಿದ್ದೆವು. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಆವತ್ತಿನಿಂದ ನಾನು ಮಾಡುವುದು ಒಂದೇ. ಮೊದಲು ಮೆಟ್ರೋ ಲೈನ್ ಗೊತ್ತುಮಾಡಿಕೊಳ್ಳುತ್ತೇನೆ, ಆಮೇಲೆ ಸ್ಟೇಷನ್, ಕೊನೆಗೆ ರೂಮು. ಸ್ಟೇಷನ್‌ನಿಂದ ಐದಾರು ನಿಮಿಷ ನಡೆದರೆ ಸಿಗುವ ರೂಮುಗಳನ್ನು ಮಾತ್ರ ನೋಡುತ್ತೇನೆ.

ವಿಳಾಸದ ಪಿನ್‌ಕೋಡ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. 75ರಿಂದ ಶುರುವಾದರೆ ಅದು ನಿಜವಾದ ಪ್ಯಾರಿಸ್. ಕೊನೆಯ ಎರಡು ಅಂಕಿ ವಾರ್ಡ್ ನಂಬರ್ ಇದ್ದಂತೆ: 75001 ಅಂದರೆ 1ನೇ ವಾರ್ಡ್, 75013 ಅಂದರೆ 13ನೇದು. ಒಟ್ಟು 20 ವಾರ್ಡ್. ಲೂವ್ರ್ ಮ್ಯೂಸಿಯಂ ಹತ್ತಿರ 1 ಶುರುವಾಗಿ ಚಕ್ಕುಲಿ ಸುತ್ತಿದ ಹಾಗೆ ಹೊರಗೆ ಹೋಗುತ್ತವೆ. ಒಳಸುತ್ತು ದುಬಾರಿ. ಹೊರಸುತ್ತಿನ 12, 13, 14, 15, 19, 20ರಲ್ಲಿ ಸಾಮಾನ್ಯವಾಗಿ ರೇಟ್ ಇಳಿಯುತ್ತದೆ. 92, 93, 94 ಅಂದರೆ ಊರಿಗೆ ಅಂಟಿಕೊಂಡ ಪಕ್ಕದ ಊರುಗಳು. ಇವನ್ನು ತಳ್ಳಿಹಾಕಬೇಡಿ, ಮೆಟ್ರೋ ಇದ್ದರೆ ಚೆನ್ನಾಗಿರುತ್ತವೆ. 95 ಅಥವಾ 77 ಕಂಡರೆ ಮಾತ್ರ ಮ್ಯಾಪ್ ತೆಗೆದು ಎರಡು ಸಲ ನೋಡಿ. ನಮ್ಮ ಆ ಹೋಟೆಲ್ 95ರದ್ದೇ ಆಗಿತ್ತು.

ಈಗ ನಿಮ್ಮ ತಾಯಿಯ ಮಂಡಿ ವಿಷಯ. ಪ್ಯಾರಿಸ್ ಮೆಟ್ರೋ ಹಳೆಯದು, 1900ರಲ್ಲಿ ಶುರುವಾದದ್ದು. ಬಹಳ ಸ್ಟೇಷನ್‌ಗಳಲ್ಲಿ ಲಿಫ್ಟ್ ಇಲ್ಲ. ಎಸ್ಕಲೇಟರ್ ಇದ್ದರೂ ಅದು ಮುಗಿದ ಮೇಲೆ ಹತ್ತು ಹದಿನೈದು ಮೆಟ್ಟಿಲು ಇದ್ದೇ ಇರುತ್ತವೆ. ಎಲ್ಲಾ ಸ್ಟೇಷನ್‌ಗಳಲ್ಲೂ ಲಿಫ್ಟ್ ಇರುವ ಮೆಟ್ರೋ ಲೈನ್ ಅಂದರೆ 14. ಡ್ರೈವರ್ ಇಲ್ಲದ ಹೊಸ ಲೈನ್ ಅದು. 2024ರ ಜೂನ್‌ನಲ್ಲಿ ದಕ್ಷಿಣಕ್ಕೆ ಓರ್ಲಿ ಏರ್‌ಪೋರ್ಟ್‌ವರೆಗೂ ಬೆಳೆಯಿತು. ಗಾರ್ ದ ಲಿಯೋಂ, ಶಾತ್ಲೆ, ಪಿರಮಿಡ್, ಮಾದ್ಲೆನ್, ಸೇಂಟ್ ಲಜಾರ್, ಎಲ್ಲಾ ಇದೇ ಲೈನ್‌ನಲ್ಲಿ ಬರುತ್ತವೆ. ಪಿರಮಿಡ್‌ನಲ್ಲಿ ಇಳಿದರೆ ಲೂವ್ರ್‌ಗೆ ನಿಧಾನಕ್ಕೆ ನಡೆದು ಹೋಗಬಹುದು.

ನಾವು ಉಳಿದದ್ದು ಇದೇ ಲೈನ್‌ನ ಒಲಿಂಪಿಯಾಡ್ ಸ್ಟೇಷನ್ ಹತ್ತಿರ, 13ನೇ ವಾರ್ಡಿನಲ್ಲಿ. ಹೋಟೆಲ್ ಅಲ್ಲ, ಅಪಾರ್ಟ್‌ಹೋಟೆಲ್. ಅಂದರೆ ಒಂದು ಕೋಣೆ, ಅದರಲ್ಲೇ ಪುಟ್ಟ ಅಡುಗೆಕಟ್ಟೆ, ಫ್ರಿಜ್, ಎರಡು ಒಲೆ, ನಾಲ್ಕು ತಟ್ಟೆ. ಸೋಫಾ ಬಿಚ್ಚಿದರೆ ಇನ್ನೊಂದು ಹಾಸಿಗೆ. ಮೂರು ಜನಕ್ಕೆ ರಾತ್ರಿಗೆ 142 ಯೂರೋ ಕೊಟ್ಟೆವು, ಆಗಿನ ಲೆಕ್ಕದಲ್ಲಿ ಹದಿಮೂರೂವರೆ ಸಾವಿರ ರೂಪಾಯಿ. ಇದೇನು ಅಗ್ಗ ಎಂದು ನೀವು ಕೇಳಬಹುದು. ಅದೇ ದಿನಗಳಿಗೆ 119 ಯೂರೋ ರೂಮೂ ಸಿಕ್ಕಿತ್ತು. ಅಲ್ಲಿ ಅಡುಗೆಕಟ್ಟೆ ಇರಲಿಲ್ಲ, ಬೆಳಗಿನ ತಿಂಡಿಗೆ ತಲೆಗೆ 12 ಯೂರೋ ಬೇರೆ. ಮೂರು ಜನಕ್ಕೆ 36 ಕೂಡಿಸಿ, 155 ಆಯಿತು. ಅದೂ ಬ್ರೆಡ್ಡು, ಜಾಮು, ಕಾಫಿಗೆ. ಲಿಫ್ಟೂ ಇರಲಿಲ್ಲ.

13ನೇ ವಾರ್ಡ್ ಚೀನೀಯರ, ವಿಯೆಟ್ನಾಮೀಯರ ಏರಿಯಾ. ಅವರ ದೊಡ್ಡ ದೊಡ್ಡ ಅಂಗಡಿಗಳಲ್ಲಿ ಅಕ್ಕಿ, ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿಸೊಪ್ಪು ಎಲ್ಲಾ ಸಿಗುತ್ತದೆ. ಅಮ್ಮ ಮನೆಯಿಂದ ಹುರಿದ ರವೆ, ಸಾಸಿವೆ, ಒಣಮೆಣಸಿನಕಾಯಿ, ಉಪ್ಪಿನಕಾಯಿ ಪೊಟ್ಟಣ ತಂದಿದ್ದರು. ಮೊದಲ ದಿನ ಬೆಳಿಗ್ಗೆ ಒಲೆ ಹೊತ್ತಲೇ ಇಲ್ಲ. ಅಮ್ಮ ಗುಂಡಿ ಒತ್ತುತ್ತಾರೆ, ಅದು ಪೀಪ್ ಅಂದು ಆರುತ್ತದೆ. ಆಮೇಲೆ ಗೊತ್ತಾಯಿತು, ಇಂಡಕ್ಷನ್ ಒಲೆ ಅದು, ನಾವು ತಂದಿದ್ದ ಅಲ್ಯೂಮಿನಿಯಂ ಬಾಣಲೆ ಆಗಲ್ಲ. ಅಲ್ಲೇ ಇದ್ದ ಪಾತ್ರೆ ಇಟ್ಟ ಕೂಡಲೇ ಹೊತ್ತಿಕೊಂಡಿತು. ಅರ್ಧ ಗಂಟೆಯಲ್ಲಿ ಉಪ್ಪಿಟ್ಟು ರೆಡಿ. ಉಳಿದ ದಿನ ಬೆಳಿಗ್ಗೆಯೇ ಅನ್ನ ಮಾಡಿ ಮೊಸರು ಕಲಸಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಮೊಸರು 125 ಗ್ರಾಂನ ಪುಟ್ಟ ಕಪ್‌ಗಳಲ್ಲಿ ಬರುತ್ತದೆ, ‘ನಾತ್ಯೂರ್’ ಅಂತ ಬರೆದಿರುವುದು ಸಿಹಿ ಇಲ್ಲದ್ದು. ಮಧ್ಯಾಹ್ನ ಸೇನ್ ನದಿ ದಡದ ಬೆಂಚಿನ ಮೇಲೆ ಕೂತು ಮೊಸರನ್ನ ತಿಂದ ಅಮ್ಮನ ಮುಖ ನೋಡಬೇಕಿತ್ತು ನೀವು. ಹೊರಗಿನ ಊಟಕ್ಕೆ ಹೋಗುವ ದುಡ್ಡು ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಪರಊರಲ್ಲಿ ಏನು ತಿನ್ನಲಿ ಅನ್ನುವ ಅವರ ಅಂಜಿಕೆ ಹೋಯಿತು.

ಐಫೆಲ್ ಟವರ್‌ಗೆ ಒಲಿಂಪಿಯಾಡ್‌ನಿಂದ ಹೊರಟು ಬೆರ್ಸಿಯಲ್ಲಿ ಲೈನ್ 6ಕ್ಕೆ ಬದಲಿಸಿ ಬೀರ್ ಹಕೈಮ್‌ನಲ್ಲಿ ಇಳಿಯಬೇಕು. ಆ ಕಡೆ ಮೆಟ್ಟಿಲು ಇವೆ. ಆದರೆ ರೈಲು ನೆಲದ ಮೇಲೆ, ಸೇತುವೆ ಮೇಲೆ ಹೋಗುತ್ತದೆ, ಟವರ್ ಕಿಟಕಿಯಲ್ಲೇ ಕಾಣುತ್ತದೆ. ಮೆಟ್ಟಿಲು ಬೇಡವೇ ಬೇಡ ಅನ್ನುವ ದಿನ ಬಸ್ ಹತ್ತಿ.

ಇನ್ನು ಟಿಕೆಟ್ ವಿಷಯ, ಇದಕ್ಕೂ ರೂಮಿಗೂ ನೇರ ಸಂಬಂಧ ಇದೆ. 2025ರ ಜನವರಿಯಿಂದ ಮೆಟ್ರೋ ಮತ್ತು ಲೋಕಲ್ ರೈಲಿಗೆ ಒಂದೇ ದರ ಬಂತು, ಊರೊಳಗೆ ಹೋದರೂ ಅಷ್ಟೇ, ಪಕ್ಕದ ಊರಿಗೆ ಹೋದರೂ ಅಷ್ಟೇ. ನಾವು ಹೋದಾಗ ಒಂದು ಸಲಕ್ಕೆ 2.50 ಯೂರೋ, ಏರ್‌ಪೋರ್ಟ್‌ಗೆ ಮಾತ್ರ 13. ವಾರದ ಪಾಸ್ ‘ನಾವಿಗೋ’ 31.60, ಕಾರ್ಡಿಗೆ ಇನ್ನೊಂದು 5. ಈ ಪಾಸ್‌ನಲ್ಲಿ ಏರ್‌ಪೋರ್ಟ್ ಪ್ರಯಾಣವೂ ಸೇರಿದೆ, ವರ್ಸೈ ಅರಮನೆಗೆ ಹೋಗುವ ರೈಲೂ ಸೇರಿದೆ. ಜನವರಿ ಬಂದಾಗ ಒಂದಷ್ಟು ಏರಿಸುತ್ತಾರೆ, ಅದನ್ನು ನೋಡಿಕೊಳ್ಳಿ. ಒಂದು ಮುಖ್ಯ ವಿಷಯ: ಪಾಸ್ ನಡೆಯುವುದು ಸೋಮವಾರದಿಂದ ಭಾನುವಾರದವರೆಗೆ, ನೀವು ಯಾವಾಗ ಕೊಂಡರೂ ಅಷ್ಟೇ. ಗುರುವಾರ ಬಂದು ಮಂಗಳವಾರ ಹೋದರೆ ಅಷ್ಟು ಲಾಭ ಇಲ್ಲ. ಸೋಮವಾರ ಬಂದು ಶನಿವಾರ ಹೊರಟರೆ ಬಂಗಾರ. ಒಬ್ಬರಿಗೆ ಏರ್‌ಪೋರ್ಟ್ ಹೋಗಿಬರುವುದಕ್ಕೇ 26 ಆಗುತ್ತಿತ್ತು, ದಿನಕ್ಕೆ ನಾಲ್ಕು ಸಲ ಮೆಟ್ರೋ ಹತ್ತಿದರೆ ಐದು ದಿನಕ್ಕೆ 50. ಒಟ್ಟು 76 ಆಗುವ ಕಡೆ 36.60ರಲ್ಲಿ ಮುಗಿಯಿತು. ಪಾಸ್‌ಪೋರ್ಟ್ ಸೈಜಿಗಿಂತ ಚಿಕ್ಕ ಫೋಟೋ ಒಂದು ಬೇಕು, ಬೆಂಗಳೂರಿನಿಂದಲೇ ತೆಗೆದುಕೊಂಡು ಹೋಗಿ.

ಈ ಪಾಸ್ ಕೈಯಲ್ಲಿದ್ದರೆ ಪಕ್ಕದ ಊರಲ್ಲಿ ಉಳಿದರೂ ಓಡಾಟಕ್ಕೆ ಒಂದು ಪೈಸೆ ಜಾಸ್ತಿ ಆಗುವುದಿಲ್ಲ. ಹಾಗಾಗಿ 13ರಲ್ಲಿ ಸಿಗದಿದ್ದರೆ ಲೈನ್ 1ರ ಎರಡು ತುದಿ ನೋಡಿ. ಪೂರ್ವಕ್ಕೆ ವಾಂಸೆನ್: ಶಾಂತವಾದ ಊರು, ಕೋಟೆ, ದೊಡ್ಡ ಕಾಡು, ಸಂಸಾರಸ್ಥರು ಇರುವ ಕಡೆ. ಪಶ್ಚಿಮಕ್ಕೆ ಲಾ ದೆಫಾನ್ಸ್: ಬರೀ ಆಫೀಸುಗಳ ಗೋಪುರ. ಅಲ್ಲಿನ ಹೋಟೆಲ್‌ಗಳು ವಾರದ ದಿನ ಆಫೀಸಿನವರಿಂದ ತುಂಬಿರುತ್ತವೆ, ಶನಿವಾರ ಭಾನುವಾರ ಖಾಲಿ. ಅದಕ್ಕೇ ವಾರಾಂತ್ಯಕ್ಕೆ ರೇಟ್ ಇಳಿಸುತ್ತಾರೆ. ಲೈನ್ 4ರ ಮೋಂರೂಜ್, ಲೈನ್ 9ರ ಮೋಂತ್ರಯ್ ಕೂಡ ಪರವಾಗಿಲ್ಲ.

ಗಾರ್ ದ್ಯು ನಾರ್ ರೈಲ್ವೆ ಸ್ಟೇಷನ್ ಸುತ್ತ ಕಡಿಮೆ ರೇಟಿನ ಹೋಟೆಲ್ ಬೇಕಾದಷ್ಟಿವೆ, ಏರ್‌ಪೋರ್ಟ್ ರೈಲೂ ಅಲ್ಲೇ ನಿಲ್ಲುತ್ತದೆ. ಆದರೆ ವಯಸ್ಸಾದವರ ಜೊತೆ ರಾತ್ರಿ ಆ ಗದ್ದಲದಲ್ಲಿ ಓಡಾಡುವುದು ನನಗೆ ಸರಿ ಅನ್ನಿಸಲಿಲ್ಲ. ಹಗಲು ಹೊತ್ತಿನಲ್ಲಿ ಆ ಕಡೆ ಒಮ್ಮೆ ಹೋಗಲೇಬೇಕು. ಸ್ಟೇಷನ್ ಹಿಂಭಾಗದ ಲಾ ಶಾಪೆಲ್ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿಗಳಿವೆ, ಇಡ್ಲಿ ದೋಸೆ ಸಿಗುತ್ತದೆ. ಪಾಜೋಲ್ ಬೀದಿಯಲ್ಲಿ ಮಾಣಿಕ್ಕ ವಿನಾಯಕರ್ ದೇವಸ್ಥಾನ ಇದೆ. ಅಮ್ಮ ಅಲ್ಲಿ ಕರ್ಪೂರದ ವಾಸನೆ ಬಂದ ಕೂಡಲೇ ಕಣ್ಣು ಒರೆಸಿಕೊಂಡರು.

ಬುಕ್ ಮಾಡುವಾಗ ನೋಡಬೇಕಾದ ಕೆಲವು ಮಾತು. ‘ಅಸಾನ್ಸರ್’ ಅಂದರೆ ಲಿಫ್ಟ್. ಬರೆದಿಲ್ಲ ಅಂದರೆ ಇಲ್ಲ ಎಂದೇ ತಿಳಿಯಿರಿ. ಅಲ್ಲಿಯೂ ನಮ್ಮ ಹಾಗೇ ನೆಲಮಹಡಿ ಬಿಟ್ಟು ಒಂದನೇ ಮಹಡಿ ಎಣಿಸುತ್ತಾರೆ, ‘ಎರಡನೇ ಮಹಡಿ’ ಅಂದರೆ ಎರಡು ಸಾಲು ಮೆಟ್ಟಿಲು ಪೂರ್ತಿ. ರೂಮಿನ ಅಳತೆ ಚದರ ಮೀಟರ್‌ನಲ್ಲಿ ಇರುತ್ತದೆ. 12 ಚದರ ಮೀಟರ್ ಅಂದರೆ ಸುಮಾರು 130 ಚದರ ಅಡಿ. ಅಷ್ಟರಲ್ಲಿ ಮೂರು ಜನ, ಮೂರು ಸೂಟ್‌ಕೇಸ್ ಅಂದರೆ ಬಾಗಿಲು ತೆಗೆಯಲೂ ಕಷ್ಟ. 20ಕ್ಕಿಂತ ಕಡಿಮೆ ಇದ್ದರೆ ಬೇಡ. ಪ್ರವಾಸಿ ತೆರಿಗೆ ಬೇರೆ ಇದೆ, ತಲೆಗೆ ರಾತ್ರಿಗೆ ಇಷ್ಟು ಅಂತ. 2024ರಲ್ಲಿ ಅದನ್ನು ಬಹಳ ಏರಿಸಿದರು, ತ್ರೀ ಸ್ಟಾರ್‌ನಲ್ಲಿ ಒಬ್ಬರಿಗೆ 5 ಯೂರೋ ದಾಟುತ್ತದೆ. ಮೂರು ಜನ, ಐದು ರಾತ್ರಿ ಅಂದರೆ 75ಕ್ಕಿಂತ ಜಾಸ್ತಿ. ಒಂದು ಸ್ಟಾರ್ ಕಡಿಮೆ ಇದ್ದ ಕಡೆ ಈ ತೆರಿಗೆಯೂ ಕಡಿಮೆ.

ಜನರ ಮನೆಗಳನ್ನು ಕೆಲವು ದಿನಕ್ಕೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ನಾನು ಬೇಡ ಅಂದೆ. ಪ್ಯಾರಿಸ್‌ನಲ್ಲಿ ಮಾಲೀಕರು ತಾವಿರುವ ಮನೆಯನ್ನು ವರ್ಷಕ್ಕೆ 90 ದಿನ ಮಾತ್ರ ಹೀಗೆ ಬಾಡಿಗೆಗೆ ಕೊಡಬಹುದು, 2025ರಿಂದ ಈ ಮಿತಿ. ನೋಂದಣಿ ನಂಬರ್ ಇಲ್ಲದ ಮನೆ ಮುಟ್ಟಲೇಬೇಡಿ. ಕೊನೇ ಗಳಿಗೆಯಲ್ಲಿ ರದ್ದಾದರೆ ವೀಸಾ ಕಾಗದಕ್ಕೂ ತೊಂದರೆ.

ಹಾಸ್ಟೆಲ್ ಅಂದರೆ ಡಾರ್ಮ್ ಮಾತ್ರ ಅಂದುಕೊಳ್ಳಬೇಡಿ. ಮೂರು ನಾಲ್ಕು ಹಾಸಿಗೆಯ ಕೋಣೆಯನ್ನು ಪೂರ್ತಿ ನಿಮಗೇ ಕೊಡುವವರಿದ್ದಾರೆ. ಮರೇ ಏರಿಯಾದಲ್ಲಿ ‘ಮೀಜ್’ ಅಂತ ಇದೆ, ಹಳೇ ಕಾಲದ ಕಟ್ಟಡಗಳು, ಜಾಗ ಊರಿನ ಮಧ್ಯದಲ್ಲಿ. ಮೆಟ್ಟಿಲು ಹತ್ತಬಲ್ಲವರಿಗೆ ಒಳ್ಳೆಯದು.

ವೀಸಾಗೆ ಎಲ್ಲಾ ರಾತ್ರಿಗಳ ಬುಕಿಂಗ್, ಮೂರು ಜನರ ಹೆಸರೂ ಇರಬೇಕು. ಹಣ ವಾಪಸ್ ಇಲ್ಲದ ಕಡಿಮೆ ರೇಟ್ ತೋರಿಸುತ್ತಾರೆ, ವೀಸಾ ಕೈಗೆ ಬರುವ ಮುಂಚೆ ಅದಕ್ಕೆ ಆಸೆ ಪಡಬೇಡಿ. ಉಚಿತವಾಗಿ ರದ್ದು ಮಾಡಬಹುದಾದದ್ದನ್ನೇ ಈಗಲೇ ಬುಕ್ ಮಾಡಿ. ಮೇ ಕೊನೆಗೆ ಅಲ್ಲಿ ಫ್ರೆಂಚ್ ಓಪನ್ ಟೆನಿಸ್ ನಡೆಯುತ್ತದೆ, ತಡ ಮಾಡಿದಷ್ಟೂ ರೇಟ್ ಏರುತ್ತದೆ. ಏಜೆಂಟ್ ಕೊಡುವ ಸುಳ್ಳು ಬುಕಿಂಗ್ ಕಾಗದ ಬೇಡವೇ ಬೇಡ, ಗಡಿಯಲ್ಲಿರುವ ಅಧಿಕಾರಿಗಳಿಗೂ ಬುಕಿಂಗ್ ಕೇಳುವ ಹಕ್ಕಿದೆ. ಕಾರ್ಡ್ ಉಜ್ಜುವಾಗ ಮೆಷಿನ್ ರೂಪಾಯಿಯೋ ಯೂರೋನೋ ಎಂದು ಕೇಳಿದರೆ ಯೂರೋ ಒತ್ತಿ.

ಬೆಂಗಳೂರಿನಿಂದ ಹೋಗುವ ಬಹಳಷ್ಟು ವಿಮಾನ ಅಲ್ಲಿ ಬೆಳಿಗ್ಗೆ ಇಳಿಯುತ್ತವೆ, ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ಮೊದಲೇ ಒಂದು ಮೇಲ್ ಹಾಕಿ ಲಗೇಜ್ ಇಡಲು ಜಾಗ, ತಾಯಿ ಕೂರಲು ಒಂದು ಕುರ್ಚಿ ಕೇಳಿಡಿ. ನಾವು ಕೇಳಿದ್ದಕ್ಕೆ ಹನ್ನೊಂದೂವರೆಗೇ ರೂಮು ಕೊಟ್ಟರು.

ನಿಮ್ಮ ವಿಮಾನ ವಾರದ ಯಾವ ದಿನ ಇಳಿಯುತ್ತದೆ, ಯಾವ ಏರ್‌ಪೋರ್ಟ್ ಎಂದು ಕೆಳಗೆ ಬರೆಯಿರಿ. ಪಾಸ್ ಲಾಭವೋ ಬಿಡಿ ಟಿಕೆಟ್ ಲಾಭವೋ ಲೆಕ್ಕ ಹಾಕಿ ಹೇಳುತ್ತೇನೆ.